ವಿದ್ವತ್ಸಭೆಯಲ್ಲಿ ಪ್ರಬಂಧ ವಾಚನ



ವಿದ್ವಾಂಸರು ಕೂಡುವ ಸಮ್ಮೇಳನದಲ್ಲಿ ಪ್ರಬಂಧವೊಂದನ್ನು ಓದಬೇಕೆಂದು ಆಹ್ವಾನ ಬಂದರೆ ಯಾವ ಉಪಾಧ್ಯಾಯನಿಗೆ ತಾನೆ ಸಂತೋಷವಾಗುವುದಿಲ್ಲ? ಕೆಲವು ವರ್ಷಗಳ ಹಿಂದೆ ನಮಗೂ ಅಂಥದೊಂದು ಆಹ್ವಾನ ಬಂದಿತು. ನಾವು ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಬೋಧಿಸತಕ್ಕವರು. ಮೊದಲನೆಯ ವರ್ಷದ ವಿದ್ಯಾರ್ಥಿಗಳು ಯಾವ ಯಾವ ಪಾಠಗಳಲ್ಲಿ ಎಡವುತ್ತಾರೆ, ಏತಕ್ಕೆ ಎಡವುತ್ತಾರೆ ಎಂಬುದನ್ನು ಎರಡು ವರ್ಷಕಾಲ ಗುರುತುಹಾಕಿಕೊಂಡು ಬಂದಿದ್ದೆವು. ಅದನ್ನೇ ಪ್ರಬಂಧವಾಗಿ ಬರೆದು, ಹೊಸ ಕೋಟೊಂದನ್ನು ಹೊಲಿಸಿಕೊಂಡು, ರೈಲು ಹತ್ತಿದೆವು. ಅಲ್ಲಿ ನಾವು ಹೇಳಿದ್ದಕ್ಕಿಂತ ಕಲಿತುಕೊಂಡು ಬಂದದ್ದೇ ಹೆಚ್ಚು. ಆ ಪಾಠಗಳನ್ನು ಈ ದಿನ ತಮ್ಮ ಮುಂದೆ ಇಡುತ್ತೇವೆ.

ಮೊದಲನೆಯದು ಕಾಲದ ಮಾತು. ನಮಗೆ ಕೊಟ್ಟಿದ್ದ ಅವಕಾಶ ಹದಿನೈದು ನಿಮಿಷ. ನಮ್ಮ ಕೈಯಲ್ಲಿದ್ದುದು ಹದಿನಾರು ಹಾಳೆ. ಐದನೆಯ ಹಾಳೆಯಲ್ಲಿದ್ದಾಗ ಅಧ್ಯಕ್ಷರು ಎಚ್ಚರಿಕೆಯ ಘಂಟೆಯನ್ನು ಬಾರಿಸಿದರು. ನಾವು ಓಟಕ್ಕೆ ತೊಡಗಿದೆವು. ಏಳನೆಯ ಹಾಳೆಗೆ ಎರಡನೆಯ ಘಂಟೆ. ಎರಡು ವರ್ಷದ ದುಡಿಮೆಯಿಂದ ನಾವು ಕಂಡುಕೊಂಡ ತತ್ತ್ವವೆಲ್ಲ ಕೊನೆಯ ಎರಡು ಹಾಳೆಗಳಲ್ಲಿದ್ದಿತು. ಸಭಿಕರು ಪೀಠಿಕೆಯನ್ನು ಕೇಳಿ, ಚಪ್ಪಾಳೆ ತಟ್ಟಿ, ಕಾಫಿಗೆ ಎದ್ದರು.

ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಉಪನ್ಯಾಸಗಳಿಂದ ಪ್ರಖ್ಯಾತನಾದ ಮೈಕೇಲ್ ಫ್ಯಾರಡೆಯ ಹೆಸರನ್ನು ತಾವು ಕೇಳಿಯೇ ಇದ್ದೀರಿ. ಪುಸ್ತಕಗಳಿಗೆ ರಟ್ಟು ಕಟ್ಟುವ ಕಸಬನ್ನು ಕಲಿತು ಬಂದ ಈ ಹುಡುಗ 1813ರಲ್ಲಿ, ಇನ್ನೂ 21 ವರ್ಷದವನಾಗಿದ್ದಾಗಲೇ, ತಾನು ಕೇಳಿದ ಉಪನ್ಯಾಸಕರ ಗುಣದೋಷಗಳನ್ನು ತೂಗಿನೋಡಿ ಸ್ನೇಹಿತನೊಬ್ಬನಿಗೆ ಕಾಗದಗಳನ್ನು ಬರೆದನು. ಎಂಥವರಿಗೇ ಆಗಲಿ ಒಂದು ಗಂಟೆಗೆ ಮೀರಿದ ಉಪನ್ಯಾಸ ಸಲ್ಲದೆಂಬುದು ಅವನ ಮತ. ಮುಂದೆ ತಾನೇ ಉಪನ್ಯಾಸಕನಾದಾಗ, ಮಾತು ಬಿರುಸಾದರೆ ನಿಧಾನಿಸಬೇಕೆಂದೂ ಹೊತ್ತು ಮುಗಿಯುತ್ತ ಬಂದರೆ ಕಾಲವಾಯಿತೆಂದೂ ಬರೆದ ಚೀಟಿಗಳನ್ನು ತನ್ನ ಕಣ್ಣಮುಂದೆ ಇಡುವಂತೆ ಸಹಾಯಕನಿಗೆ ಹೇಳಿಟ್ಟಿದ್ದನು. ಅಷ್ಟು ದೊಡ್ಡವನಿಗೆ ಆ ಚೀಟಿ ಬೇಕಾಗಿದ್ದರೆ ನಮ್ಮಂಥವರ ಪಾಡೇನು? ಈಗ ನಾವು ಎಲ್ಲಿ ಮಾತನಾಡಬೇಕಾದರೂ ಹಿಂದಿನ ರಾತ್ರಿ ಮನೆಯವರನ್ನು ಮುಂದೆ ಕೂರಿಸಿಕೊಂಡು, ಗಡಿಯಾರವನ್ನು ಅವರ ಕೈಗೆ ಕೊಟ್ಟು, ಗಟ್ಟಿಯಾಗಿ ಓದುತ್ತೇವೆ. ಅವರು ಆಕಳಿಸಿದ ಕಡೆ ಗೆರೆ ಎಳೆಯುತ್ತೇವೆ. ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇವೆ.

ಎರಡನೆಯದು, ಕಣ್ಣಿಗಾಗಿ ಬರೆದದ್ದು ಕಿವಿಗೆ ಒಗ್ಗುವುದಿಲ್ಲವೆಂಬುದು. ನಾವು ತಲೆ ತಗ್ಗಿಸಿಕೊಂಡು ಕೋಷ್ಟಕದ ಅಂಕಿಗಳನ್ನೆಲ್ಲ ಓದಿದೆವು. ಹಾಳೆಯ ಮೇಲಾದರೆ ಓದುಗನು ಹಿಂದಕ್ಕೆ ತಿರುಗಿ ನೋಡಬಲ್ಲನು. ಕೇಳುಗನಿಗೆ ಆ ಸೌಕರ್ಯವಿಲ್ಲ. ಕ್ಷಕಿರಣಗಳನ್ನು ಕಂಡುಹಿಡಿದ ರಾಂಟ್‌ಜೆನ್ 1896ನೆಯ ಜನವರಿ 23ರಂದು ವುರ್ಟ್ಸ್‌ಬರ್ಗಿನ ವಿದ್ವತ್ಸಭೆಯಲ್ಲಿ ಮಾತನಾಡಿದಾಗ, ಸಭೆಯಲ್ಲಿದ್ದ ವೃದ್ಧ ಶಾರೀರಶಾಸ್ತ್ರಜ್ಞ ಕೋಲಿಕರನ ಕೈಯನ್ನೇ ಆ ಕಿರಣಗಳಿಂದ ಚಿತ್ರ ಹಿಡಿದು ಎಲ್ಲರಿಗೂ ತೋರಿಸಿದನು. ಬೆರಳಿನ ಎಲುಬುಗಳು ಕಣ್ಣೆದುರಿಗೆ ಬಂದ ಮೇಲೆ ವಾದಕ್ಕೆ ಎಡೆಯೆಲ್ಲಿ? ಆ ಕಿರಣಗಳಿಗೆ ರಾಂಟ್‌ಜೆನನ ಹೆಸರನ್ನೇ ಇಡಬೇಕೆಂದು ಕೋಲಿಕರನೇ ಸೂಚಿಸಿದನು. ಸಭೆಯಲ್ಲಿ ಒಂದನ್ನು ಚೆನ್ನಾಗಿ ತೋರಿಸಿದರೆ ಸಾಕು.

ಹಾಗಾದರೆ ಉಳಿದ ವಿವರಗಳ ಗತಿಯೇನೆಂದು ತಾವು ಕೇಳಬಹುದು. ಅವಕ್ಕೆ ಅಚ್ಚಿನ ಮನೆಯಿದೆ. ಸರ್ ಸಿ. ವಿ. ರಾಮನ್ನರು 1928ನೆಯ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ಕಂಡ ಹೊಸ ಬೆಳಕಿನ ವಿಷಯವನ್ನು ಹದಿನೇಳು ದಿನಗಳೊಳಗಾಗಿ, ಮಾರ್ಚಿ 16ರಂದು, ನಮ್ಮ ಬೆಂಗಳೂರಿನಲ್ಲಿಯೇ ದಕ್ಷಿಣ ಭಾರತ ವಿಜ್ಞಾನ ಸಂಘದ ಮುಂದೆ ವಿವರಿಸಿದರು. ಆ ಭಾಷಣ ಕೂಡಲೇ ಅಚ್ಚಾಗಿ, ಅದರ ಪ್ರತಿಗಳು ದೇಶವಿದೇಶದ ವಿಜ್ಞಾನಿಗಳ ಕೈ ಸೇರಿದವು. ಆಡುವ ಮಾತು ಆಸಕ್ತಿಯನ್ನು ಹುಟ್ಟಿಸಲಿ. ಅಚ್ಚಾದ ಪ್ರತಿ ಪರೀಕ್ಷೆಗೆ ಒದಗಲಿ. ಎರಡರ ಕೆಲಸವನ್ನೂ ಒಂದೇ ಹದಿನೈದು ನಿಮಿಷದ ಮೇಲೆ ಹೊರಿಸಹೊರಟದ್ದೇ ನಮ್ಮ ತಪ್ಪು.

ಕೊನೆಯ ಪಾಠವನ್ನು ಹೇಳಲು ಸ್ವಲ್ಪ ಸಂಕೋಚವಾಗುತ್ತದೆ. ನಮ್ಮ ವಾಚನ ಮುಗಿದ ಮೇಲೆ ಹಿಂದಿನ ಸಾಲಿನಲ್ಲಿದ್ದ ಹಳ್ಳಿಯ ಹೈಸ್ಕೂಲಿನ ಹೆಡ್‌ಮಾಸ್ತರರೊಬ್ಬರು ಎದ್ದು ನಿಂತು, “ಸ್ವಾಮಿ, ತಮ್ಮ ತರಗತಿಯಲ್ಲಿ ಚೆನ್ನಾಗಿ ತೇರ್ಗಡೆಯಾದವರ ಪೈಕಿ ಕನ್ನಡದಲ್ಲಿ ವಿಜ್ಞಾನವನ್ನು ಓದಿ ಬಂದ ಹುಡುಗರು ಎಷ್ಟು ಪಾಲು?” ಎಂದು ಕೇಳಿದರು. ಆ ಲೆಕ್ಕವನ್ನು ನಾವು ತೆಗೆದಿರಲಿಲ್ಲ. ತಿಳಿಯದೆಂದು ಒಪ್ಪಿಕೊಳ್ಳುವುದು ಮುಂದಿನ ಸಾಲಿನ ಪ್ರೊಫೆಸರುಗಳ ಎದುರಿಗೆ ಅವಮಾನವೆಂದು ತೋರಿ, “ಸುಮಾರು ಅರ್ಧಪಾಲು” ಎಂದುಬಿಟ್ಟೆವು. ಅವರು ಜೇಬಿನಿಂದ ಪುಸ್ತಕವನ್ನು ತೆಗೆದು ಅದನ್ನು ಬರೆದುಕೊಂಡರು.

ಆ ಬರೆದುಕೊಂಡ ಕೈಯನ್ನು ನಾವು ಮರೆಯಲಾರದೆ ಹೋದೆವು. ಊರಿಗೆ ಬಂದು ದಾಖಲೆಗಳನ್ನು ತೆಗೆದು ನೋಡಿದರೆ, ಅರ್ಧವಲ್ಲ, ಮೂರರಲ್ಲಿ ಒಂದು ಪಾಲೂ ಇರಲಿಲ್ಲ. ಎರಡು ದಿನ ಸುಮ್ಮನಿದ್ದೆವು. ಹೇಳಿದವರು ಯಾರು, ಕೇಳಿದವರು ಯಾರು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆವು. ಮೂರನೆಯ ದಿನ ಅವರ ವಿಳಾಸವನ್ನು ವಿಚಾರಿಸಿ ತರಿಸಿಕೊಂಡು, ನಡೆದುದನ್ನು ಮುಚ್ಚುಮರೆಯಿಲ್ಲದೆ ಬರೆದು ಕ್ಷಮೆ ಕೇಳಿದೆವು.

ಅವರಿಂದ ಉತ್ತರ ಬಂದಿತು. ಆ ಊರಿನ ತಂದೆತಾಯಿಗಳು ವಿಜ್ಞಾನವನ್ನು ಇಂಗ್ಲಿಷಿನಲ್ಲಿಯೇ ಕಲಿಸಬೇಕೆಂದು ಹಟ ಹಿಡಿದಿದ್ದರಂತೆ. ಕನ್ನಡದಲ್ಲಿ ಓದಿದ ಹುಡುಗರು ಹಿಂದೆ ಬೀಳುವುದಿಲ್ಲವೆನ್ನಲು ಹೆಡ್‌ಮಾಸ್ತರರು ನಮ್ಮ ಅರ್ಧಪಾಲನ್ನು ಅವರ ಸಭೆಯಲ್ಲಿ ಆಗಲೇ ಸಾರಿದ್ದರು! “ಮುಂದಿನ ಸಭೆಯಲ್ಲಿ ತಿದ್ದಿ ಹೇಳುತ್ತೇನೆ, ನಾನು ಸೋತರೂ ಚಿಂತೆಯಿಲ್ಲ. ಆದರೆ ತಾವು ಒಂದು ಉಪಕಾರ ಮಾಡಬೇಕು. ನಮ್ಮ ಹುಡುಗರು ಅಷ್ಟು ಕಡಮೆಯಾಗುವುದಕ್ಕೆ ಕಾರಣವೇನೆಂದು ಹುಡುಕಿ ತಿಳಿಸಬೇಕು” ಎಂದು ಬರೆದಿದ್ದರು. ನಮ್ಮ ಮೇಲೆ ಒಂದು ಕಟುವಾದ ಮಾತೂ ಆ ಕಾಗದದಲ್ಲಿರಲಿಲ್ಲ. ಇದ್ದಿದ್ದರೆ ನಮಗೆ ಸ್ವಲ್ಪ ಹಗುರವಾಗುತ್ತಿತ್ತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮ ಹಿರಿಯರು ಗಾದೆ ಕಟ್ಟಿದ್ದಾರೆ. ವೇದಿಕೆಯ ಮೇಲೆ ನಾವು ಮರ್ಯಾದೆಯನ್ನು ಉಳಿಸಿಕೊಳ್ಳುವುದಕ್ಕೆ ಆಡುವ ಮಾತನ್ನು ಹಿಂದಿನ ಸಾಲಿನಲ್ಲಿ ಯಾರೋ ನಂಬಿ ಬರೆದುಕೊಳ್ಳುತ್ತಿರುತ್ತಾರೆ. ತಿಳಿಯದ ಪ್ರಶ್ನೆ ಬಂದರೆ, “ಗೊತ್ತಿಲ್ಲ; ಲೆಕ್ಕ ನೋಡಿ ತಮಗೆ ಬರೆಯುತ್ತೇವೆ” ಎಂದು ಅಂದಿನಿಂದ ಹೇಳುತ್ತೇವೆ; ಬರೆಯುತ್ತಲೂ ಇದ್ದೇವೆ. ಹೆಡ್‌ಮಾಸ್ತರರು ಕೇಳಿದ ಕಾರಣವನ್ನು ಹುಡುಕುತ್ತ ಹೋದದ್ದೇ ನಮ್ಮ ಎರಡನೆಯ ಪ್ರಬಂಧವಾಯಿತು. ಅದು ಆರೇ ಹಾಳೆ. ಅದರ ಮೊದಲನೆಯ ಪ್ರತಿ ಅವರ ಶಾಲೆಗೆ ಹೋಯಿತು.

ನಮಗೆ ಗೊತ್ತುಮಾಡಿರುವ ಕಾಲವೂ ಮುಗಿಯುತ್ತ ಬಂದಿತು. ಘಂಟೆಯಾಗುವುದಕ್ಕೆ ಮುಂಚೆಯೇ ತಮ್ಮಿಂದ ಅಪ್ಪಣೆ ಪಡೆಯುತ್ತೇವೆ.