ಆ ಒಂದು ವರ್ಷ ಯಾರದು?



ನಾನು ಬಾಗಲಕೋಟೆ ಕಡೆಯವನು. ಮಂಗಳೂರಿಗೆ ಬಂದು ಇಪ್ಪತ್ತು ವರ್ಷವಾಯಿತು. ನೀಟ್ ಫಲಿತಾಂಶ ಬಂದರೆ ಸಾಕು, ಊರಿನಿಂದ ಫೋನ್: ‘ಅಣ್ಣಾರ, ಹುಡುಗನ್ನ ಲಾಂಗ್ ಟರ್ಮಿಗೆ ಹಾಕಬೇಕ್ರಿ, ಒಂದು ಹಾಸ್ಟೆಲ್ ನೋಡ್ರಿ.’ ಹುಡುಗ ಏನಂತಾನೆ ಎಂದು ಕೇಳಿದರೆ ಆ ಕಡೆ ಮಾತಿಲ್ಲ.

ನಾನೂ ಹಾಗೇ ಮಾಡಿದವನು. ಮಗಳಿಗೆ ಸರ್ಕಾರಿ ಸೀಟು ತಪ್ಪಿದಾಗ ಅವಳನ್ನು ಕೇಳದೆ ಕೋಚಿಂಗಿಗೆ ಮುಂಗಡ ಕಟ್ಟಿ ಬಂದೆ. ರಾತ್ರಿ ಅವಳು, ‘ಅಪ್ಪಾ, ಈ ವರ್ಷ ನಂದೋ ನಿಂದೋ?’ ಎಂದಳು. ನಿಜ ಹೇಳಬೇಕೆಂದರೆ, ಆಗ ನನ್ನ ತಲೆಯಲ್ಲಿದ್ದದ್ದು ನೆಂಟರ ಮಾತು.

ಗಡಿಬಿಡಿ ಬೇಡ. ನೀಟ್‌ಗೆ 17 ತುಂಬಬೇಕು, ಅಷ್ಟೇ. ಗರಿಷ್ಠ ವಯಸ್ಸಿನ ಮಿತಿಯನ್ನು 2022ರಲ್ಲಿ ತೆಗೆದರು. ಆದರೆ ಹಳೆಯ ಅಂಕ ನಡೆಯದು, 720ಕ್ಕೆ ಮತ್ತೆ ಬರೆಯಬೇಕು. ಐಐಟಿ ಲೆಕ್ಕ ಬೇರೆ: ಜೆಇಇ ಅಡ್ವಾನ್ಸ್‌ಡ್ ಸತತ ಎರಡು ವರ್ಷಗಳಲ್ಲಿ ಎರಡೇ ಸಲ.

ಮಗಳು ಒಂದು ವಾರ ತೆಗೆದುಕೊಂಡಳು. ಭೌತಶಾಸ್ತ್ರದಲ್ಲಿ ಎಲ್ಲೆಲ್ಲಿ ಸೋತೆ ಎಂದು ಬರೆದು ತೋರಿಸಿದಳು. ‘ಒಂದೇ ವರ್ಷ, ಮನೆಯಲ್ಲಿದ್ದೇ ಓದುತ್ತೇನೆ. ಆಗದಿದ್ದರೆ ಬಿಎಸ್ಸಿ. ಆಮೇಲೆ ನೀನು ಮಾತಾಡಬಾರದು.’ ಒಪ್ಪಿದೆ. ಮುಂಗಡ ವಾಪಸು ಬರಲಿಲ್ಲ, ಹೋಗಲಿ.

ಪರೀಕ್ಷೆ ಇನ್ನೂ ಮುಂದಿದೆ. ಮೊದಲೆಲ್ಲ ಬೆಳಗ್ಗೆ ಐದಕ್ಕೆ ನಾನು ಎಬ್ಬಿಸಬೇಕಿತ್ತು. ಈಗ ಅಲಾರಂ ಅವಳೇ ಇಡುತ್ತಾಳೆ.