ತೊಟ್ಟಿಲೂ ತಾಯಿಯೂ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತರು ವೇದಿಕೆಯನ್ನೇರಿದರೆ ಕಾವ್ಯವನ್ನು ಕುರಿತು ಮಾತನಾಡುವುದು ವಾಡಿಕೆ. ಇಂದು ನಾವು ಅದನ್ನು ಬದಿಗಿರಿಸಿ ನೊಂದ ಮಕ್ಕಳ ವಿಷಯವನ್ನು ಎತ್ತಿಕೊಂಡಿದ್ದೇವೆ. ಸಭಿಕರು ಮನ್ನಿಸಬೇಕು.

ಹೆಣ್ಣುಶಿಶುಹತ್ಯೆಯ ಅಪಕೀರ್ತಿಯು ನಮ್ಮ ಜಿಲ್ಲೆಗಳಿಗೆ ಅಂಟಿತ್ತೆಂಬುದನ್ನು ಮರೆಮಾಚಿ ಫಲವಿಲ್ಲ. ಅದನ್ನು ತಡೆಯಲೆಂದು ತಮಿಳುನಾಡು ಸರ್ಕಾರವು 1992ರಲ್ಲಿ ತೊಟ್ಟಿಲು ಶಿಶು ಯೋಜನೆಯನ್ನು ಮೊದಲು ಸೇಲಂ ಜಿಲ್ಲೆಯಲ್ಲಿಯೇ ಆರಂಭಿಸಿತು. 2001ರಲ್ಲಿ ಅದು ಧರ್ಮಪುರಿಗೂ ವಿಸ್ತರಿಸಿತು. ಬೇಡವೆನಿಸಿದ ಕೂಸನ್ನು ಕೊಲ್ಲಬೇಡಿ, ತೊಟ್ಟಿಲಲ್ಲಿ ಮಲಗಿಸಿ ಹೋಗಿ, ಹೆಸರು ಕೇಳುವವರಿಲ್ಲ ಎಂಬುದು ಅದರ ಅಭಯ. ಜೀವಗಳುಳಿದವು, ಅದು ಸಾಮಾನ್ಯ ಉಪಕಾರವಲ್ಲ. ಆದರೆ ಕೂಸನ್ನಿರಿಸಿ ಹಿಂದಿರುಗಿದ ತಾಯಿಯನ್ನು ವಿಚಾರಿಸಿದವರು ಯಾರು? ವರದಕ್ಷಿಣೆಯ ಭಯ, ಅತ್ತೆಮನೆಯ ಮೂದಲಿಕೆ, ಗಂಡನ ಸಾಲ, ಇವು ತೊಟ್ಟಿಲಲ್ಲಿ ಇಟ್ಟುಬರುವ ವಸ್ತುಗಳಲ್ಲ. ಅವನ್ನು ಹೊತ್ತುಕೊಂಡೇ ಆಕೆ ಮನೆ ಸೇರಿದಳು.

2015ರ ಬಾಲನ್ಯಾಯ ಕಾಯಿದೆಯು ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿದೆ. ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಮಗುವನ್ನು ಒಪ್ಪಿಸಿದ ತಂದೆತಾಯಿಗಳಿಗೆ ಮರಳಿ ಯೋಚಿಸಲು ಎರಡು ತಿಂಗಳ ಅವಕಾಶವನ್ನು ಅದು ಕೊಡುತ್ತದೆ. ಆಶ್ರಮದಲ್ಲಿ ಇರಿಸುವುದು ಕಡೆಯ ಉಪಾಯವೆಂದು ವಿಧಿಸುತ್ತದೆ. ಬಡ ಕುಟುಂಬವು ಮಗುವನ್ನು ಮನೆಯಲ್ಲಿಯೇ ಸಾಕಿಕೊಳ್ಳಲೆಂದು, ಅರ್ಹತೆಯಿದ್ದಲ್ಲಿ, ಮಿಷನ್ ವಾತ್ಸಲ್ಯದಿಂದ ತಿಂಗಳಿಗೆ 4000 ರೂಪಾಯಿ ದೊರೆಯುತ್ತದೆ. ಈ ಸಂಗತಿ ನಮ್ಮ ಕೇರಿಗಳಲ್ಲಿ ಎಷ್ಟು ಮಂದಿಗೆ ಗೊತ್ತು? ಆ ಅರುವತ್ತು ದಿನಗಳಲ್ಲಿ ಬಾಣಂತಿಯ ಅಂಗಳಕ್ಕೆ ಹೋಗಿ ಕುಳಿತು ಮಾತನಾಡಬೇಕಾದವರು ಅಧಿಕಾರಿಗಳು ಮಾತ್ರವೆ?

ನಮ್ಮದೇ ಒಂದು ತಪ್ಪನ್ನು ಹೇಳಿಕೊಳ್ಳುತ್ತೇವೆ. ಎಂಟನೆಯ ತರಗತಿಯ ಹುಡುಗನೊಬ್ಬನು ಪಾಠದ ವೇಳೆ ಸದಾ ಬಾಗಿಲನ್ನೇ ನೋಡುತ್ತಿದ್ದನು. ಉದ್ಧಟನೆಂದು ಬಗೆದು ಅವನನ್ನು ಹೊರಗೆ ನಿಲ್ಲಿಸಿದೆವು. ಮರುವಾರ ಅವನ ಅಜ್ಜಿ ಬಂದರು. ತಂದೆ ತೀರಿಕೊಂಡಿದ್ದನು, ತಾಯಿ ಮಗನು ಮಲಗಿದ್ದಾಗ ಎಬ್ಬಿಸದೆ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗಿಬಿಟ್ಟಿದ್ದಳು. ಅಂದಿನಿಂದ ಅವನಿಗೆ ಬಾಗಿಲಿನ ಮೇಲೆ ಕಣ್ಣು. "ನಿನಗೇನು ಕೇಡು?" ಎಂದಿದ್ದೆವು, "ನಿನಗೇನಾಯಿತು?" ಎಂದು ಕೇಳಿರಲಿಲ್ಲ. ಬಳಿಕ ಅವನನ್ನು ಬಾಗಿಲ ಬಳಿಯ ಬೆಂಚಿನಲ್ಲಿಯೇ ಕೂರಿಸಿದೆವು. ಭಾನುವಾರ ಸಂಜೆ ತಾಯಿ ತಪ್ಪದೆ ಫೋನು ಮಾಡುವಂತೆ ಅಜ್ಜಿ ಏರ್ಪಡಿಸಿದರು. ಹುಡುಗನು ಈಗ ಪುಸ್ತಕ ನೋಡುತ್ತಾನೆ. (ಕಂಠಪಾಠದ ಪದ್ಯವಿನ್ನೂ ಪೂರ್ತಿ ಬಂದಿಲ್ಲ, ಆ ಮಾತು ಬೇರೆ.)

ಇನ್ನೊಂದು ಮಾತು ಈ ಸಂಘಕ್ಕೇ ಸಂಬಂಧಿಸಿದ್ದು. ಕಚೇರಿಯ ಪ್ರಶ್ನೆ ತಮಿಳಿನಲ್ಲಿ ಬರುತ್ತದೆ; ಹೆದರಿದ ಮಗುವಿಗೆ ಬಾಯಿಗೆ ಬರುವುದು ಮನೆಮಾತು. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಕಾಯಿದೆಯು, ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಬಯಸಿದೆಡೆಯಲ್ಲಿ, ಸಮವಸ್ತ್ರ ಧರಿಸದ ಅಧಿಕಾರಿ ಬರೆದುಕೊಳ್ಳಬೇಕೆನ್ನುತ್ತದೆ. ದುಭಾಷಿಯ ನೆರವಿಗೂ ಎಡೆಯಿತ್ತಿದೆ. ಆ ದುಭಾಷಿ ಎಲ್ಲಿಂದ ಬರಬೇಕು? ಎರಡು ನುಡಿಗಳನ್ನೂ ಬಲ್ಲ, ಕೇಳಿದ್ದನ್ನು ಬೀದಿಯಲ್ಲಿ ಆಡದ ತಾಯಂದಿರು ನಮ್ಮಲ್ಲಿಲ್ಲವೆ?

ಕಾರ್ಯದರ್ಶಿಗಳ ಬಳಿ ಒಂದು ನೋಟುಬುಕ್ಕನ್ನು ಇರಿಸಿದ್ದೇವೆ. ಒಪ್ಪುವವರು ಹೆಸರು ಬರೆದು ಹೋಗಬೇಕು. ಪಟ್ಟಿಯನ್ನು ಎರಡೂ ಜಿಲ್ಲೆಗಳ ಸಮಿತಿಗಳಿಗೆ ನಾವೇ ತಲುಪಿಸುತ್ತೇವೆ. ಮಕ್ಕಳ ಸಹಾಯವಾಣಿಯ 1098 ಎಂಬ ಸಂಖ್ಯೆಯನ್ನು ಅದರ ಮೊದಲ ಪುಟದಲ್ಲಿಯೇ ಬರೆದಿದ್ದೇವೆ.