ಪುಟ್ಟ ರೈಲುಬಂಡಿಯ ನಿಜವಾದ ಅಳತೆ



ಹಗರೆಯ ಮೇಲೆ ಹಳೇಬೀಡಿಗೆ ಹೋದವರು ಹೊಯ್ಸಳ ಶಿಲ್ಪಿಗಳ ತಾಳಮಾನವನ್ನು ಮೆಚ್ಚದಿರಲಾರರು. ವಿಗ್ರಹವು ಗೇಣುದ್ದವಿದ್ದರೂ ಆಳೆತ್ತರವಿದ್ದರೂ ಅಂಗಾಂಗಗಳ ಪ್ರಮಾಣವು ಕೆಡದು. ರೈಲುಗಾಡಿಗಳ ಮಾದರಿಗಳನ್ನು ಕಟ್ಟುವ ನಾವೂ ಪಾಲಿಸಬೇಕಾದುದು ಈ ನಿಯಮವನ್ನೇ.

ಅಂಗಡಿಯಲ್ಲಿ ದೊರೆಯುವ ಬಿಡಿಭಾಗಗಳ ಪೆಟ್ಟಿಗೆಗಳು ಬಹುಮಟ್ಟಿಗೆ ಪರದೇಶದ ಗಾಡಿಗಳವು. 87ರಲ್ಲಿ ಒಂದು ಪಾಲಿನ ಪ್ರಮಾಣದಲ್ಲಿ ಅವುಗಳ ಹಳಿಯ ಅಗಲ 16.5 ಮಿಲಿಮೀಟರು. ಅರಸೀಕೆರೆಯಿಂದ ಹಾಸನದ ಮೇಲೆ ಮೈಸೂರಿಗೆ ಹಿಂದೆ ಓಡುತ್ತಿದ್ದ ಮೀಟರ್ ಗೇಜ್ ಬಂಡಿಗೆ ಇದೇ ಲೆಕ್ಕದಲ್ಲಿ ಬೇಕಾದುದು 11.5 ಮಾತ್ರ, ಇಂದಿನ ಬ್ರಾಡ್ ಗೇಜಿಗಾದರೋ 19.3. ಬಣ್ಣ ಬಳಿದ ಮಾತ್ರದಿಂದ ಈ ದೋಷವು ಮರೆಯಾಗದು.

ಮೀಟರ್ ಗೇಜ್ ಬೋಗಿಯ ಮೈಯೂ ಕಿರಿದು. ಆದುದರಿಂದ ಚಾವಣಿ, ತಳ, ತುದಿಗೋಡೆಗಳನ್ನು ನಡುವೆ ಸೀಳಿ, ಹೆಚ್ಚಿನ ಪಟ್ಟಿಯನ್ನು ತೆಗೆದು, ಉಳಿದೆರಡು ಭಾಗಗಳನ್ನು ಅಂಟಿಸಬೇಕು; ಲೆಕ್ಕಕ್ಕೆ ಹತ್ತಿರವಾದ 12 ಮಿಲಿಮೀಟರು ಹಳಿಯ ಚಕ್ರಗಳನ್ನು ಕೂಡಿಸಬೇಕು; ಕಿಟಕಿಗಳಿಗೆ ಸಣ್ಣ ತಂತಿಯ ಅಡ್ಡಸರಳುಗಳನ್ನಿಡಬೇಕು. ನಾವು ಒಮ್ಮೆ ಅಳೆಯದೆಯೇ ಕೊಯ್ದು ಇಡೀ ಬೋಗಿಯನ್ನು ಕೆಡಿಸಿದೆವು.

ಹಳೆಯ ಗಾಡಿಗಳನ್ನು ಕಣ್ಣಾರೆ ನೋಡಿ ಗುರುತಿಸಿಕೊಳ್ಳಲು 1979ರಲ್ಲಿ ಸ್ಥಾಪಿತವಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯವಿದೆ. ಅಲ್ಲಿ ಅವು ನಿಂತಿವೆ, ಓಡವು. ಅರಸೀಕೆರೆಯ ಆ ಕಿರುಹಳಿಯೂ ಇಂದಿಲ್ಲ. ಆ ಬಂಡಿಯ ಓಟವನ್ನು ನಮ್ಮ ಮಕ್ಕಳು ಇನ್ನು ಕಾಣುವುದು ಮೇಜಿನ ಮೇಲಿನ ಹಳಿಯಲ್ಲಿಯೇ. ಆದಕಾರಣ ಅಳತೆಯಲ್ಲಿ ನಾವು ಉದಾಸೀನರಾಗಬಾರದೆಂದು ಬಿನ್ನವಿಸಿ ವಿರಮಿಸುತ್ತೇವೆ.